ಹೀಟ್ ರಿಕವರಿ ಲೂಪ್ ರಿಪೇರಿ: ಒಟ್ಟು ಐದು ತಪ್ಪು, ಮೂರು ನನ್ನವೇ

ನಮ್ಮದು ವಿಶ್ವವಿದ್ಯಾಲಯದ ವಿಜ್ಞಾನ ಕಟ್ಟಡ. ನಾಲ್ಕು ಮಹಡಿ, 16 ಫ್ಯೂಮ್ ಹುಡ್ (ರಾಸಾಯನಿಕಗಳ ಹೊಗೆ ಎಳೆದುಕೊಳ್ಳುವ ಗಾಜಿನ ಕಪಾಟು). ಅಲ್ಲಿನ ಮೆಕ್ಯಾನಿಕಲ್ ಕೆಲಸ ನೋಡಿಕೊಳ್ಳುವವನು ನಾನು. ಲ್ಯಾಬಿನ ಗಾಳಿ ಆಫೀಸಿನ ಗಾಳಿಯ ಹಾಗಲ್ಲ, ಒಮ್ಮೆ ಒಳಗೆ ಬಂದದ್ದನ್ನು ತಿರುಗಿ ಬಳಸುವ ಹಾಗಿಲ್ಲ. ಆಸಿಡ್ಡು, ಸಾಲ್ವೆಂಟು ಎಲ್ಲದರ ವಾಸನೆ ಹೊತ್ತ ಗಾಳಿ ಟೆರೇಸಿನ ಸ್ಟ್ಯಾಕ್ ಅನ್ನುವ ಚಿಮಣಿಯಿಂದ ಹೊರಗೆ. ಅಂದರೆ ಕಷ್ಟಪಟ್ಟು ತಂಪು ಮಾಡಿದ ಗಾಳಿಯನ್ನು ಹಾಗೇ ಆಕಾಶಕ್ಕೆ ಬಿಡುವುದು.

ಅದಕ್ಕೇ ಕಟ್ಟುವಾಗಲೇ ಒಂದು ಲೂಪ್ ಹಾಕಿದ್ದಾರೆ. ಹೊರಗೆ ಹೋಗುವ ಗಾಳಿಯ ದಾರಿಯಲ್ಲಿ ಒಂದು ಕಾಯಿಲ್ (ಒಳಗೆ ನೀರು ಹರಿಯುವ ಕೊಳವೆಗಳ ಜಾಲ), ಅದು ಟೆರೇಸಲ್ಲಿ. ಒಳಗೆ ಬರುವ ಗಾಳಿಯ ದಾರಿಯಲ್ಲಿ ಇನ್ನೊಂದು, ಅದು ನೆಲಮಹಡಿಯ ಎಎಚ್‌ಯು (ಕಟ್ಟಡಕ್ಕೆ ಗಾಳಿ ತಂಪು ಮಾಡಿ ಕಳಿಸುವ ಯಂತ್ರ) ಒಳಗೆ. ಎರಡರ ನಡುವೆ ಗ್ಲೈಕಾಲ್ ಬೆರೆಸಿದ ನೀರನ್ನು ತಿರುಗಿಸುವ 1.1 ಕಿಲೋವ್ಯಾಟ್ ಪಂಪು. ಗಾಳಿಗೆ ಗಾಳಿ ಸೋಕುವುದಿಲ್ಲ, ಬಿಸಿ-ತಂಪು ಮಾತ್ರ ದಾಟುತ್ತದೆ.

ಈ ಲೂಪ್ ಬಿಎಂಎಸ್ (ಕಟ್ಟಡದ ಯಂತ್ರಗಳನ್ನು ನಿಯಂತ್ರಿಸುವ ಕಂಪ್ಯೂಟರ್ ವ್ಯವಸ್ಥೆ) ಪರದೆಯಲ್ಲಿ ವರ್ಷಗಟ್ಟಲೆ ಹಸಿರು ಬಣ್ಣದಲ್ಲಿತ್ತು. ಪಂಪು ಆನ್. ವಾಲ್ವ್ 100 ಪರ್ಸೆಂಟ್. ಯಾರೂ ಮುಟ್ಟಿರಲಿಲ್ಲ, ನಾನೂ ಮುಟ್ಟಿರಲಿಲ್ಲ. ಈ ಬಿಸಿಲಿಗೆ ಚಿಲ್ಲರ್ (ತಂಪು ಮಾಡುವ ದೊಡ್ಡ ಯಂತ್ರ) ಮಧ್ಯಾಹ್ನ ಸುಸ್ತಾಗತೊಡಗಿದಾಗ ಮಾತ್ರ ಅತ್ತ ತಿರುಗಿ ನೋಡಿದೆ.

ದಿನ 1: ಅಳತೆ

ಪರದೆ ಬಿಟ್ಟು ಥರ್ಮಾಮೀಟರ್ ಹಿಡಿದು ಹೋದೆ. ಒಂದೇ ಥರ್ಮಾಮೀಟರ್, ಎರಡೂ ಜಾಗಕ್ಕೆ. ಎರಡು ಮೀಟರ್ ಬಳಸಿದರೆ ಅವುಗಳ ನಡುವಿನ ಅರ್ಧ ಡಿಗ್ರಿ ವ್ಯತ್ಯಾಸವೇ ಉತ್ತರ ಕೆಡಿಸಿಬಿಡುತ್ತದೆ.

ನೆಲಮಹಡಿಯಲ್ಲಿ ಒಳಬರುವ ಗಾಳಿ ಕಾಯಿಲ್‌ಗೆ ಮುಂಚೆ 35.2 ಡಿಗ್ರಿ. ಕಾಯಿಲ್ ದಾಟಿದ ಮೇಲೆ 34.8. ಟೆರೇಸಲ್ಲಿ ಹೊರಗೆ ಹೋಗುವ ಗಾಳಿ 24.0. ಹೊರಗಿನ ಬಿಸಿಗೂ ಒಳಗಿನ ತಂಪಿಗೂ ನಡುವೆ 11.2 ಡಿಗ್ರಿ ಅಂತರ ಇದೆ, ಅದರಲ್ಲಿ ನಮಗೆ ದಕ್ಕಿದ್ದು 0.4. ನೂರಕ್ಕೆ ನಾಲ್ಕೂ ಇಲ್ಲ. ಡ್ರಾಯಿಂಗ್‌ನಲ್ಲಿ ಬರೆದಿರುವುದು 50.

ಒಳಬರುವ ಗಾಳಿ ಸೆಕೆಂಡಿಗೆ 6 ಘನ ಮೀಟರ್. ಒಂದು ಡಿಗ್ರಿ ಇಳಿಸಲು ಸುಮಾರು 7.2 ಕಿಲೋವ್ಯಾಟ್ ತಂಪು ಬೇಕು. ಸರಿಯಾಗಿ ಐದೂವರೆ ಡಿಗ್ರಿ ಇಳಿದಿದ್ದರೆ 40 ಕಿಲೋವ್ಯಾಟ್ ಆಗುತ್ತಿತ್ತು. ಅಷ್ಟೂ ಭಾರ ಚಿಲ್ಲರ್ ತಲೆಮೇಲೆ ಬಿದ್ದಿದೆ.

ಇನ್ನೊಂದು ವಿಷಯವೂ ಅವತ್ತೇ ಗೊತ್ತಾಯಿತು. ಪರದೆಯ "ಪಂಪು ಆನ್" ಅಂದರೆ ಸ್ಟಾರ್ಟರ್‌ನ ಕಾಂಟ್ಯಾಕ್ಟರ್ (ಮೋಟರ್‌ಗೆ ಕರೆಂಟ್ ಕೊಡುವ ಸ್ವಿಚ್) ಕೂತಿದೆ ಅಂತಷ್ಟೇ. ನೀರು ಹರಿಯುತ್ತಿದೆ ಅಂತಲ್ಲ. ಫ್ಲೋ ಸ್ವಿಚ್ ಹಾಕಿಯೇ ಇಲ್ಲ.

ದಿನ 2: ಸ್ಟ್ರೈನರ್ (ಪ್ರಯೋಜನ ಆಗಲಿಲ್ಲ)

ಹರಿವು ಕಡಿಮೆ ಅಂದಮೇಲೆ ಮೊದಲು ಕೈ ಹೋಗುವುದು ನೀರಿನ ಕಸ ಹಿಡಿಯುವ ಸ್ಟ್ರೈನರ್‌ಗೆ, ಅಲ್ವಾ. ಎರಡೂ ಬದಿಯ ವಾಲ್ವ್ ಮುಚ್ಚಿ, ಕೆಳಗೆ ಬಕೆಟ್ ಇಟ್ಟು ಬಿಚ್ಚಿದೆ. ಕಪ್ಪು ಕೆಸರು, ಒಂದು ವೆಲ್ಡಿಂಗ್ ಚೂರು, ಉದ್ದಕ್ಕೆ ಜಡೆ ಹಾಕಿದ ಹಾಗಿದ್ದ ಟೆಫ್ಲಾನ್ ಟೇಪು. ಇದೇ ಕಾರಣ ಅಂದುಕೊಂಡು ಖುಷಿಯಲ್ಲಿ ತೊಳೆದು, ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಿದೆ. ಅರ್ಧ ದಿನ ಹೋಯಿತು.

ಕಾಯಿಲ್ ದಾಟಿದ ಗಾಳಿ: 34.6. ಅಷ್ಟೇ.

ದಿನ 3: ಟೆರೇಸಿನ ಏರ್ ವೆಂಟ್ (ನನ್ನ ಮೊದಲ ತಪ್ಪು)

ಲೂಪ್‌ನಲ್ಲಿ ಗಾಳಿ ಸೇರಿಕೊಂಡಿರಬೇಕು ಅನಿಸಿತು. ಟೆರೇಸಿನ ಕಾಯಿಲ್ ಇಡೀ ಲೂಪ್‌ನಲ್ಲೇ ಎತ್ತರದ ಜಾಗ, ಗಾಳಿ ಅಲ್ಲೇ ಕೂರುವುದು. ವೆಂಟ್ ತಿರುಗಿಸಿದೆ. ಹಿಸ್ಸ್ ಅಂತ ಸದ್ದು ಬಂತು. ಗಾಳಿ ಹೊರಗೆ ಬರುತ್ತಿದೆ ಅಂತ ನೆಮ್ಮದಿಯಾಗಿ ಎರಡು ನಿಮಿಷ ಹಾಗೇ ಬಿಟ್ಟೆ. ಕೆಳಗೆ ಬಂದು ಗೇಜ್ ನೋಡಿದರೆ 1.4 ಬಾರ್ ಇದ್ದದ್ದು 1.5 ಆಗಿತ್ತು. ಒಳ್ಳೆಯದಾಯಿತು ಅಂದುಕೊಂಡೆ.

ಆಗಿದ್ದು ತದ್ವಿರುದ್ಧ. ಮಧ್ಯಾಹ್ನ ಇನ್ನೊಮ್ಮೆ ಹತ್ತಿ ವೆಂಟ್ ತೆರೆದೆ, ನೀರು ಬಂತಾ ಅಂತ ನೋಡಲು ಒದ್ದೆ ಬೆರಳನ್ನು ವೆಂಟ್‌ನ ಬಾಯಿಗೆ ಹಿಡಿದೆ. ಬೆರಳು ಅಂಟಿಕೊಂಡಿತು. ಮೆಲ್ಲಗೆ ಒಳಗೆ ಎಳೆಯುತ್ತಿತ್ತು. ಹೊರಗೆ ಬಿಟ್ಟೆ ಅಂದುಕೊಂಡ ಗಾಳಿಯನ್ನು ಎರಡು ನಿಮಿಷ ಒಳಗೆ ತುಂಬಿಸಿದ್ದೆ.

ಗೇಜ್ ನೋಡಿದ ತಕ್ಷಣವೇ ಹೊಳೆಯಬೇಕಿತ್ತು. ಗೇಜ್ ಇರುವುದು ನೆಲಮಹಡಿಯಲ್ಲಿ, ಕಾಯಿಲ್ ಇರುವುದು 16 ಮೀಟರ್ ಮೇಲೆ. ಅಷ್ಟು ಎತ್ತರದ ನೀರಿನ ಭಾರಕ್ಕೇ 1.6 ಬಾರ್ ಬೇಕು. 1.4 ಅಂದರೆ ಮೇಲಿನ ತುದಿಯಲ್ಲಿ ಒತ್ತಡ ಇರಲಿ, ಹೊರಗಿನ ಗಾಳಿಗಿಂತಲೂ ಕಡಿಮೆ. ಈ ಗೇಜನ್ನು ಎಷ್ಟು ವರ್ಷದಿಂದ ದಿನಾ ದಾಟಿ ಹೋಗಿದ್ದೇನೋ. ಮುಳ್ಳು ಹಳದಿ ಪಟ್ಟಿಯ ಒಳಗೇ ಇತ್ತು, ಹಾಗಾಗಿ ಸರಿ ಅಂದುಕೊಂಡಿದ್ದೆ. ಆ ಹಳದಿ ಪಟ್ಟಿ ಕಂಪನಿಯಿಂದ ಬಂದದ್ದು, ನಮ್ಮ ಕಟ್ಟಡದ ಎತ್ತರ ಅದಕ್ಕೇನು ಗೊತ್ತು.

ದಿನ 4: ನೀರು ಎಲ್ಲಿ ಹೋಯಿತು

ಮುಚ್ಚಿದ ಲೂಪ್. ನೀರು ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರಿರಲೇಬೇಕು. ಟಾರ್ಚ್ ಹಿಡಿದು ಪೂರ್ತಿ ಪೈಪ್‌ಲೈನ್ ಉದ್ದಕ್ಕೂ ನಡೆದೆ, ಸೀಲಿಂಗ್ ಟೈಲ್ ಎತ್ತಿ ಎತ್ತಿ ನೋಡಿದೆ. ಎಲ್ಲೂ ಒದ್ದೆ ಇಲ್ಲ. ಕೊನೆಗೆ ಸಿಕ್ಕಿದ್ದು ಶುರು ಮಾಡಿದ ಜಾಗದಲ್ಲೇ, ಪಂಪಿನ ಬುಡದಲ್ಲಿ. ಮೆಕ್ಯಾನಿಕಲ್ ಸೀಲ್ (ಶಾಫ್ಟ್ ಸುತ್ತ ನೀರು ಸೋರದಂತೆ ತಡೆಯುವ ಭಾಗ) ಕೆಳಗೆ ಅಂಟಂಟಾದ ಕಂದು ಕಲೆ, ಅಲ್ಲಿಂದ ಡ್ರೈನ್‌ವರೆಗೆ ಒಂದು ಸಣ್ಣ ಗೆರೆ. ಹತ್ತು ನಿಮಿಷ ಕೂತು ಎಣಿಸಿದೆ, ಆರು ಹನಿ. ಹನಿ ಬಿದ್ದಲ್ಲೇ ಡ್ರೈನ್ ಇದ್ದುದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ದಿನ 5 ಮತ್ತು 6: ಸೀಲ್ ಬದಲಿಸಿದ್ದು, ಕಾಯಿಲ್ ತೊಳೆದದ್ದು (ಎರಡನೇ ತಪ್ಪು)

ಎರಡು ದಿನ ರಜೆ ಸಿಕ್ಕಿತು. ಟೆರೇಸಿನ ಕಾಯಿಲ್ ತೊಳೆಯಬೇಕಾದರೆ ಎಕ್ಸಾಸ್ಟ್ ಫ್ಯಾನ್ ನಿಲ್ಲಿಸಲೇಬೇಕು. ಫ್ಯಾನ್ ನಿಂತರೆ 16 ಹುಡ್‌ಗಳೂ ಬರೀ ಗಾಜಿನ ಕಪಾಟು. ಹಿಂದಿನ ದಿನವೇ ಪ್ರತಿ ಲ್ಯಾಬ್‌ಗೂ ಹೋಗಿ ಹೇಳಿ, ಹುಡ್ ಒಳಗೆ ತೆರೆದಿಟ್ಟದ್ದನ್ನೆಲ್ಲ ತೆಗೆಸಿ, ಸ್ಯಾಶ್ (ಹುಡ್‌ನ ಮೇಲೆ-ಕೆಳಗೆ ಸರಿಯುವ ಗಾಜಿನ ಬಾಗಿಲು) ಇಳಿಸಿ ಚೀಟಿ ಅಂಟಿಸಿದೆ. ಫ್ಯಾನ್‌ಗಳ ಐಸೊಲೇಟರ್‌ಗೆ ಬೀಗ, ಕೀಲಿ ನನ್ನ ಜೇಬಲ್ಲಿ.

ಕಾಯಿಲ್ ಮೇಲೆ ಬೂದು ಬಣ್ಣದ ಕಂಬಳಿ ಹೊದ್ದ ಹಾಗೆ ಧೂಳು. ಇದು ಮನೆ ಧೂಳಲ್ಲ, ಇದರಲ್ಲಿ ಏನೇನಿದೆಯೋ. ಹಾಗಾಗಿ ಮಾಸ್ಕು, ಕನ್ನಡಕ, ದಪ್ಪ ಗ್ಲೌಸು, ಧೂಳೆಲ್ಲ ಬೇರೆ ಚೀಲಕ್ಕೆ. ಜೋರಾದ ನೀರು ಬಿಡಬೇಡಿ, ಕಾಯಿಲ್‌ನ ತೆಳು ಲೋಹದ ಫಿನ್‌ಗಳು ಮಲಗಿಬಿಡುತ್ತವೆ. ಆಮೇಲೆ ಫ್ಯಾನ್ ಓಡಿಸಿ ಮ್ಯಾನೋಮೀಟರ್‌ನಲ್ಲಿ ನೋಡಿದಾಗ ಕಾಯಿಲ್‌ನ ಎರಡು ಬದಿಯ ನಡುವಿನ ಒತ್ತಡ 190 ಪ್ಯಾಸ್ಕಲ್‌ನಿಂದ 130ಕ್ಕೆ ಇಳಿದಿತ್ತು.

ಇನ್ನು ಸೀಲ್. ಪಂಪನ್ನು ಮೋಟರ್ ಸಮೇತ ಬಿಚ್ಚಿ ಬೆಂಚ್ ಮೇಲೆ ತಂದೆ. ಹಳೆ ಸೀಲ್‌ನ ಕಾರ್ಬನ್ ಮುಖದಲ್ಲಿ ಉಗುರಿಗೆ ಸಿಗುವಷ್ಟು ಗೀರು. ಹೊಸದನ್ನು ಹಾಕುವಾಗ ಮುಖಕ್ಕೆ ಬೆರಳು ತಾಗಿಸಬಾರದು, ಕೈಯ ಜಿಡ್ಡು ಸಾಕು ಅದು ಕೆಡಲು. ಇದನ್ನೆಲ್ಲ ನೀಟಾಗಿ ಮಾಡಿದೆ. ಅದೇ ನೀಟುತನ ವೈರ್ ವಿಷಯದಲ್ಲಿ ಇರಲಿಲ್ಲ. ಬಿಚ್ಚುವಾಗ ಮೂರು ವೈರ್‌ಗೂ ಟೇಪ್ ಸುತ್ತಿ ಪೆನ್ನಲ್ಲಿ ಬರೆದಿದ್ದೆ. ಕೈಯಲ್ಲಿದ್ದ ಗ್ಲೈಕಾಲ್ ತಾಗಿ ಎರಡರ ಅಕ್ಷರ ಅಳಿಸಿತ್ತು. ಎಲೆಕ್ಟ್ರಿಷಿಯನ್ ಬರುವವರೆಗೂ ಕಾಯಬೇಕಿತ್ತು. ರಜೆ ಮುಗಿಯುತ್ತಿದೆ ಅಂತ ಅವಸರದಲ್ಲಿ ಅಂದಾಜಿನ ಮೇಲೆ ಕಟ್ಟಿಬಿಟ್ಟೆ.

ಆಮೇಲೆ ಲೂಪ್ ತುಂಬಿಸಿದ್ದು. ಮೊದಲೇ ಬೆರೆಸಿಟ್ಟ ಗ್ಲೈಕಾಲ್ ನೀರು, ಕೈಪಂಪಿನಲ್ಲಿ. ನಲ್ಲಿ ನೀರು ಬಿಟ್ಟರೆ ಬೇಗ ಆಗುತ್ತಿತ್ತು, ಆದರೆ ಗ್ಲೈಕಾಲ್ ಜೊತೆ ತುಕ್ಕು ತಡೆಯುವ ಔಷಧಿಯೂ ತೆಳುವಾಗುತ್ತದೆ. ಪಂಪು ನಿಲ್ಲಿಸಿಕೊಂಡೇ ಗೇಜ್ 2.4 ಬಾರ್‌ಗೆ ತಂದು, ಮೇಲೆ ಹೋಗಿ ವೆಂಟ್ ತೆರೆದೆ. ಈ ಸಲ ಮೊದಲು ಬೆರಳಿಟ್ಟೇ ನೋಡಿದೆ. ಗಾಳಿ ಬೆರಳನ್ನು ತಳ್ಳಿತು, ಆಮೇಲೆ ನೊರೆ, ಆಮೇಲೆ ನೀರು. ಕೆಳಗಿಳಿದು ಮತ್ತೆ 2.4ಕ್ಕೆ ತುಂಬಿಸು, ಮತ್ತೆ ಹತ್ತು. ಐದು ಸಲ. ಒಟ್ಟು 30 ಲೀಟರ್ ಹಿಡಿಯಿತು.

ದಿನ 7: ಉಲ್ಟಾ ತಿರುಗುತ್ತಿರುವ ಪಂಪು

ಬೆಳಗ್ಗೆ ಪಂಪು ಆನ್ ಮಾಡಿದರೆ ಸದ್ದು ಸರಿಯಿದೆ, ಸೋರಿಕೆ ಇಲ್ಲ. ಆದರೆ ಪಂಪಿನ ಎರಡು ಗೇಜ್‌ಗಳ ನಡುವೆ ವ್ಯತ್ಯಾಸ 0.7 ಬಾರ್ ಮಾತ್ರ. ಇರಬೇಕಾದ್ದು 1.6 ಹತ್ತಿರ. ಇನ್ನೂ ಗಾಳಿ ಇದೆ ಅಂದುಕೊಂಡು ಇನ್ನೆರಡು ಸಲ ಟೆರೇಸ್ ಹತ್ತಿದೆ.

ಎಲೆಕ್ಟ್ರಿಷಿಯನ್ ಬಂದವರು ಒಂದು ನಿಮಿಷ ನಿಂತು ನೋಡಿ, "ಅಣ್ಣ, ಒಂದ್ಸಲ ಆಫ್ ಮಾಡಿ" ಅಂದರು. ಮಾಡಿದೆ. ನಿಲ್ಲುವ ಮುಂಚಿನ ಕೊನೆಯ ಎರಡು ಸುತ್ತಿನಲ್ಲಿ ಕಪ್ಲಿಂಗ್ ಮೇಲೆ ಟಾರ್ಚ್ ಬಿಟ್ಟರು. ಪಂಪಿನ ಮೈಮೇಲಿನ ಬಾಣ ಒಂದು ಕಡೆ, ಶಾಫ್ಟ್ ಇನ್ನೊಂದು ಕಡೆ. "ಇದನ್ನ ಕಟ್ಟಿದ್ದು ಯಾರು?" ಅಂತ ಕೇಳಿದರು. ನಾನು ಸುಮ್ನೆ ನಿಂತೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ: ಸೆಂಟ್ರಿಫ್ಯೂಗಲ್ ಪಂಪು ಉಲ್ಟಾ ತಿರುಗಿದರೂ ನೀರು ಅದೇ ದಿಕ್ಕಿಗೇ ಹೋಗುತ್ತದೆ, ಆದರೆ ತುಂಬಾ ಕಡಿಮೆ. ಅದಕ್ಕೇ ಇದು ಬೇಗ ಗೊತ್ತಾಗುವುದಿಲ್ಲ. ಎರಡು ಫೇಸ್ ಅದಲುಬದಲು ಮಾಡಿದರು. ವ್ಯತ್ಯಾಸ 1.6 ಬಾರ್. ಆಹಾ.

ಕಾಯಿಲ್ ದಾಟಿದ ಗಾಳಿ: 34.1.

ನಿಜ ಹೇಳುತ್ತೇನೆ, ಅವತ್ತು ಸಂಜೆ ಇದನ್ನು ಇಲ್ಲಿಗೇ ಬಿಟ್ಟುಬಿಡೋಣ ಅನಿಸಿತ್ತು.

ದಿನ 8: ಒಂದು ಸಣ್ಣ ಸ್ವಿಚ್

ಈಗ ನೀರಿದೆ, ಒತ್ತಡ ಇದೆ, ಪಂಪು ಸರಿಯಿದೆ. ಮೀಟರ್ ಎಲ್ಲಾ ಪಕ್ಕಕ್ಕಿಟ್ಟು ಪೈಪ್‌ಗಳ ಮೇಲೆ ಕೈಯಿಟ್ಟುಕೊಂಡು ಹೋದೆ. ಟೆರೇಸಿನಿಂದ ಇಳಿದು ಬರುವ ಪೈಪು ತಣ್ಣಗೆ. ನೀರನ್ನು ಕಾಯಿಲ್‌ಗೋ ಬೈಪಾಸ್‌ಗೋ ತಿರುಗಿಸುವ ತ್ರೀ-ವೇ ವಾಲ್ವ್‌ವರೆಗೂ ತಣ್ಣಗೆ. ವಾಲ್ವ್‌ನಿಂದ ಕಾಯಿಲ್‌ಗೆ ಹೋಗುವ ಪೈಪು ಬೆಚ್ಚಗೆ. ಪಕ್ಕದ ಬೈಪಾಸ್ ಪೈಪು ತಣ್ಣಗೆ! ಅಷ್ಟೂ ತಂಪು ಕಾಯಿಲ್ ಮುಟ್ಟದೆ ಬೈಪಾಸ್‌ನಲ್ಲಿ ತಿರುಗಿ ಮೇಲೆ ಹೋಗುತ್ತಿದೆ.

ಬಿಎಂಎಸ್ ಹೇಳುವುದು ವಾಲ್ವ್ 100 ಪರ್ಸೆಂಟ್. ಆ ವಾಲ್ವ್ ತಿರುಗಿಸುವ ಮೋಟರ್, ಅಂದರೆ ಆಕ್ಚುಯೇಟರ್‌ನ ಟರ್ಮಿನಲ್‌ನಲ್ಲಿ ಮಲ್ಟಿಮೀಟರ್ ಇಟ್ಟರೆ 10 ವೋಲ್ಟ್ ಸರಿಯಾಗಿ ಬರುತ್ತಿದೆ. ಆದರೆ ಆಕ್ಚುಯೇಟರ್‌ನ ಮುಳ್ಳು ಬೈಪಾಸ್ ಕಡೆ ಇದೆ. ಕ್ಲಚ್ ಗುಂಡಿ ಒತ್ತಿ ಕೈಯಲ್ಲೇ ಇನ್ನೊಂದು ಕೊನೆಗೆ ತಿರುಗಿಸಿದೆ. ಪೈಪಲ್ಲಿ ಸುಯ್ ಅಂತ ಸದ್ದು ಬದಲಾಯಿತು. ಹತ್ತು ನಿಮಿಷಕ್ಕೆ ಗಾಳಿ 29.9.

ಮುಚ್ಚಳ ತೆಗೆದರೆ ಒಳಗೆ ದಿಕ್ಕು ಬದಲಿಸುವ ಡಿಪ್ ಸ್ವಿಚ್. ಈ ಆಕ್ಚುಯೇಟರ್ ಹಳೆಯದಲ್ಲ, ಬಣ್ಣವೇ ಬೇರೆ, ಯಾವಾಗಲೋ ಬದಲಿಸಿದ್ದಾರೆ. ಹಾಕಿದವರು ಸ್ವಿಚ್ಚನ್ನು ಫ್ಯಾಕ್ಟರಿಯಿಂದ ಬಂದ ಹಾಗೇ ಬಿಟ್ಟಿದ್ದಾರೆ. ಹಳೆಯದು ಎಡಕ್ಕೆ ತಿರುಗಿ ತೆರೆಯುತ್ತಿತ್ತು, ಇದು ಬಲಕ್ಕೆ. ಸಣ್ಣ ಸ್ಕ್ರೂಡ್ರೈವರ್ ತುದಿಯಲ್ಲಿ ಆ ಬಿಳಿ ಸ್ವಿಚ್ ಆ ಕಡೆ ತಳ್ಳಿದೆ. ಒಂದು ಸೆಕೆಂಡಿನ ಕೆಲಸ, ಎಂಟು ದಿನ ಆದಮೇಲೆ.

ಆಮೇಲೆ ಯೋಚಿಸಿದರೆ ನಗು ಬಂತು. ಈ ವಾಲ್ವ್ ಇರುವುದೇ ಲೂಪ್ ಬೇಡದಿದ್ದಾಗ ಬೈಪಾಸ್ ಮಾಡಲು. ಹೊರಗೆ 17 ಡಿಗ್ರಿ ಇದೆ, ನಮಗೆ 16ರ ಗಾಳಿ ಬೇಕು ಅಂದುಕೊಳ್ಳಿ. ಆಗ ಒಳಗಿನ 24 ಡಿಗ್ರಿಯನ್ನು ಅದಕ್ಕೆ ಕೊಟ್ಟರೆ ಗಾಳಿ ಸುಮ್ಮನೆ ಬಿಸಿಯಾಗಿ, ಚಿಲ್ಲರ್ ಮತ್ತೆ ಅದನ್ನು ತಣ್ಣಗೆ ಮಾಡಬೇಕು. ಸ್ವಿಚ್ ಉಲ್ಟಾ ಇದ್ದುದರಿಂದ ಈ ಲೂಪ್ ಬೇಕಾದಾಗ ಮಲಗಿ, ಬೇಡದಾಗ ಎದ್ದು ಕೂರುತ್ತಿತ್ತು. ಸೀಲ್ ಸೋರಿ ಲೂಪ್ ಒಣಗಿದ್ದರಿಂದಲೇ ನಷ್ಟ ಅಷ್ಟಕ್ಕೇ ನಿಂತಿದ್ದು. ಒಂದು ಕೆಡುಕು ಇನ್ನೊಂದನ್ನು ಕಾಯುತ್ತಿತ್ತು.

ಮರುದಿನದ ಅಳತೆ: ಹೊರಗೆ 34.6, ಕಾಯಿಲ್ ದಾಟಿ 29.5, ಎಕ್ಸಾಸ್ಟ್ 24.2. ನೂರಕ್ಕೆ 49. ತಂಪಿನ ಲೆಕ್ಕದಲ್ಲಿ ಸುಮಾರು 37 ಕಿಲೋವ್ಯಾಟ್, ಪಂಪು ತಿನ್ನುವುದು ಒಂದೂ ಇಲ್ಲ.

ದಿನ 9: ದುರಾಸೆ (ಮೂರನೇ ತಪ್ಪು, ದೊಡ್ಡದು)

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿರುತ್ತಿತ್ತು. ಗೆದ್ದ ಹುಮ್ಮಸ್ಸು. ಎಕ್ಸಾಸ್ಟ್ ಫ್ಯಾನ್‌ಗಳು ಡಕ್ಟ್‌ನಲ್ಲಿ ಯಾವಾಗಲೂ 450 ಪ್ಯಾಸ್ಕಲ್ ಎಳೆತ ಇಟ್ಟುಕೊಂಡು ಓಡುತ್ತಿದ್ದವು. ಅಷ್ಟು ಬೇಕಾ ಅನಿಸಿತು. ಸಂಜೆ ಎಲ್ಲರೂ ಹೋದಮೇಲೆ 300ಕ್ಕೆ ಇಳಿಸಿದೆ. 16 ಹುಡ್‌ಗಳ ಮಾನಿಟರ್‌ಗಳೂ ಹಸಿರು. ಮನೆಗೆ ಹೋದೆ.

ಎಲ್ಲಾ ಸ್ಯಾಶ್‌ಗಳೂ ಮುಚ್ಚಿದ್ದವು. ಹಸಿರು ಇರದೆ ಇನ್ನೇನು.

ಬೆಳಗ್ಗೆ ಹತ್ತಕ್ಕೆ ಕೆಮಿಸ್ಟ್ರಿ ಲ್ಯಾಬ್‌ನ ಮೇಡಂ ಫೋನು. "ಏನ್ರೀ, ಮೂಲೆ ಹುಡ್ ಕೂಗ್ತಾ ಇದೆ. ನೀವೇನಾದ್ರೂ ಮುಟ್ಟಿದ್ರಾ?" ಓಡಿದೆ. ಆ ಹುಡ್ ಫ್ಯಾನ್‌ಗೆ ಎಲ್ಲಕ್ಕಿಂತ ದೂರದ್ದು. ಬಾಯಲ್ಲಿ ಗಾಳಿಯ ವೇಗ ಸೆಕೆಂಡಿಗೆ 0.31 ಮೀಟರ್. ಇರಬೇಕಾದ್ದು 0.5, ಅಲಾರಂ ಇರುವುದು 0.4ಕ್ಕೆ. ಒಳಗೆ ಒಬ್ಬ ವಿದ್ಯಾರ್ಥಿ ಸಾಲ್ವೆಂಟ್ ಇಟ್ಟುಕೊಂಡು ಕೆಲಸ ಮಾಡುತ್ತಿದ್ದ. ಅಲಾರಂ ಕೇಳಿದ ಕೂಡಲೇ ಸ್ಯಾಶ್ ಇಳಿಸಿ ಹಿಂದೆ ಸರಿದಿದ್ದ, ಪುಣ್ಯ. ತಕ್ಷಣ 450ಕ್ಕೆ ವಾಪಸ್ ಇಟ್ಟೆ, ಮೇಡಂಗೆ ಮುಚ್ಚುಮರೆ ಇಲ್ಲದೆ ಹೇಳಿದೆ, ಬೈಸಿಕೊಂಡೆ. ಲ್ಯಾಬ್ ಕಟ್ಟಡದಲ್ಲಿ ಹೇಳದೆ ಕೇಳದೆ ಸೆಟ್‌ಪಾಯಿಂಟ್ ಬದಲಿಸುವುದು ಅಂದರೆ ಯಾರದೋ ಮೂಗಿನ ಮೇಲೆ ಪ್ರಯೋಗ ಮಾಡಿದ ಹಾಗೆ.

ದಿನ 10 ಮತ್ತು 11: ಸರಿಯಾದ ರೀತಿಯಲ್ಲಿ

ಮೇಡಂ ಜೊತೆ ಕೂತು ಸಮಯ ಗೊತ್ತು ಮಾಡಿಕೊಂಡು, ಹುಡ್‌ಗಳನ್ನೆಲ್ಲ ಖಾಲಿ ಮಾಡಿಸಿ, 16 ಸ್ಯಾಶ್‌ಗಳನ್ನೂ ಒಟ್ಟಿಗೆ 45 ಸೆಂಟಿಮೀಟರ್ ಸ್ಟಾಪ್‌ವರೆಗೆ ಎತ್ತಿದೆವು. ಫ್ಯಾನ್‌ಗೆ ಎಲ್ಲಕ್ಕಿಂತ ಕಷ್ಟದ ಪರಿಸ್ಥಿತಿ ಅದೇ. ಪ್ರತಿ ಹುಡ್‌ನ ಬಾಯನ್ನು ಅಡ್ಡಕ್ಕೆ ಮೂರು, ಉದ್ದಕ್ಕೆ ಮೂರರಂತೆ ಒಂಬತ್ತು ಭಾಗ ಮಾಡಿ, ಹಾಟ್-ವೈರ್ ಎನಿಮೋಮೀಟರ್ ಸ್ಟ್ಯಾಂಡಿಗೆ ಕಟ್ಟಿ ಅಳೆದೆ. ಕೈಯಲ್ಲಿ ಹಿಡಿದರೆ ನಮ್ಮ ಮೈಯೇ ಗಾಳಿಗೆ ಅಡ್ಡ. 144 ಅಳತೆ. ಬೆನ್ನು ಹೋಯಿತು.

ಎಳೆತವನ್ನು ಹತ್ತು ಹತ್ತು ಪ್ಯಾಸ್ಕಲ್ ಇಳಿಸುತ್ತಾ ಬಂದಾಗ ಮೂಲೆಯ ಹುಡ್ 380ರಲ್ಲಿ ಜಾರಲು ಶುರು ಮಾಡಿತು. 390ರಲ್ಲಿ ಎಂಟು ಬಿಂದು 0.48ರಿಂದ 0.53, ಕೆಳಗಿನ ಎಡ ಮೂಲೆ ಒಂದೇ 0.41. ಹೊಗೆ ಪೆನ್ಸಿಲ್ ಹಿಡಿದು ನೋಡಿದರೆ ಆ ಮೂಲೆಯಲ್ಲಿ ಹೊಗೆ ಒಂದು ಕ್ಷಣ ಸುತ್ತಿ, ಆಮೇಲೆ ಒಳಗೆ ಹೋಗುತ್ತದೆ. ಹೊರಗೆ ಬರಲಿಲ್ಲ. ಕಾರಣ ಅಲ್ಲಿ ಇಟ್ಟಿದ್ದ ದೊಡ್ಡ ಓವನ್. ಅದನ್ನು ಕಾಲು ಕೊಟ್ಟು ಐದು ಸೆಂಟಿಮೀಟರ್ ಎತ್ತಿದ ಮೇಲೆ 0.47. (ಫ್ಯೂಮ್ ಹುಡ್‌ಗಳಿಗೆ ಇರುವ ಆಶ್ರೇ 110 ಅನ್ನುವ ಅಮೆರಿಕದ ಪರೀಕ್ಷೆಯಲ್ಲಿ, ಹುಡ್‌ನಿಂದ ಸೋರುತ್ತದಾ ಅಂತ ನೋಡಲು ಬಿಡುವ ಟ್ರೇಸರ್ ಅನಿಲದ ಹಂತವೂ ಇದೆ, ನಾವು ಅದನ್ನು ಮಾಡಲಿಲ್ಲ. ಅದಕ್ಕೆ ರೂಢಿಯಲ್ಲಿರುವ ಸಲ್ಫರ್ ಹೆಕ್ಸಾಫ್ಲೋರೈಡ್ ಒಂದು ಕೆಜಿ ಬಿಟ್ಟರೆ 22 ಟನ್‌ಗಿಂತ ಜಾಸ್ತಿ ಇಂಗಾಲದ ಡೈಆಕ್ಸೈಡ್ ಬಿಟ್ಟಷ್ಟು ಬಿಸಿ. ಎನರ್ಜಿ ಉಳಿಸಲು ಹೊರಟವರಿಗೆ ತಮಾಷೆಯ ವಿಷಯ.)

ಈಗ ಒಂದೇ ಸಂಖ್ಯೆ ಇಟ್ಟಿಲ್ಲ. ಯಾವುದಾದರೂ ಹುಡ್‌ನ ಡ್ಯಾಂಪರ್ (ಗಾಳಿ ದಾರಿಯ ತಿರುಗುವ ಬಾಗಿಲು) ತೆರೆದದ್ದು 90 ಪರ್ಸೆಂಟ್ ದಾಟಿದರೆ ಎಳೆತ ತಕ್ಷಣ ಏರುತ್ತದೆ, ಎಲ್ಲವೂ ಆರಾಮಾಗಿದ್ದರೆ ನಿಧಾನಕ್ಕೆ ಇಳಿಯುತ್ತದೆ. ಮೇಲಿನ ಮಿತಿ 450, ಕೆಳಗಿನ ಮಿತಿ 290. ಹೆಚ್ಚಿನ ಸ್ಯಾಶ್ ಮುಚ್ಚಿರುವ ಮಧ್ಯಾಹ್ನದಲ್ಲಿ ಫ್ಯಾನ್ 46 ಹರ್ಟ್ಜ್‌ನಿಂದ 42ಕ್ಕೆ ಬಂದಿದೆ. ವಿಎಫ್‌ಡಿ (ಫ್ಯಾನ್ ವೇಗ ಬದಲಿಸುವ ಸಾಧನ) ಪರದೆಯಲ್ಲಿ 11.3 ಕಿಲೋವ್ಯಾಟ್ ಇದ್ದದ್ದು 8.9. ವೇಗದ ಘನದ ಲೆಕ್ಕದಲ್ಲಿ 8.6 ಬರಬೇಕಿತ್ತು, ಡಕ್ಟ್‌ನಲ್ಲಿ ಕಾಯಂ ಎಳೆತ ಇಟ್ಟುಕೊಳ್ಳುವ ವ್ಯವಸ್ಥೆಯಲ್ಲಿ ಅಷ್ಟು ಚೊಕ್ಕ ಬರುವುದಿಲ್ಲ.

ಇದೆಲ್ಲ ಉಳಿಯುವುದು ಜನ ಸ್ಯಾಶ್ ಮುಚ್ಚಿದರೆ ಮಾತ್ರ. ಅಮೆರಿಕದ ಲಾರೆನ್ಸ್ ಬರ್ಕ್ಲಿ ಲ್ಯಾಬ್‌ನವರ 2005ರ ಲೆಕ್ಕದಲ್ಲಿ ಒಂದು ಸಾಮಾನ್ಯ ಹುಡ್ ಅಲ್ಲಿನ ಮೂರೂವರೆ ಮನೆಯಷ್ಟು ಎನರ್ಜಿ ತಿನ್ನುತ್ತದೆ. ಮೇಡಂಗೆ ಇದನ್ನು ಹೇಳಿದೆ. ಮರುದಿನ ಅವರ ಲ್ಯಾಬ್‌ನ ಪ್ರತಿ ಹುಡ್ ಮೇಲೂ ಕೈಬರಹದ ಚೀಟಿ: "ಕೆಲಸ ಮುಗೀತಾ? ಇಳಿಸಿ." ನನ್ನ ಪ್ರಿಂಟೆಡ್ ಸ್ಟಿಕ್ಕರ್‌ಗಿಂತ ಅದೇ ಚೆನ್ನಾಗಿ ಕೆಲಸ ಮಾಡುತ್ತಿದೆ.

ಖರ್ಚಾದದ್ದು: ಒಂದು ಮೆಕ್ಯಾನಿಕಲ್ ಸೀಲ್, ಎರಡು ಗ್ಯಾಸ್ಕೆಟ್, 30 ಲೀಟರ್ ಗ್ಲೈಕಾಲ್ ನೀರು, ಇಬ್ಬರ ಕೆಲಸ ಸೇರಿ 60 ಗಂಟೆ. ಅದರಲ್ಲಿ ನನ್ನ ತಪ್ಪುಗಳಿಗೇ ಕಡಿಮೆ ಅಂದರೂ 20 ಗಂಟೆ ಹೋಗಿದೆ. ಗೇಜ್‌ನ ಗಾಜಿನ ಮೇಲೆ 1.6ರ ಹತ್ತಿರ ಕೆಂಪು ಗೆರೆ, 2.4ರಲ್ಲಿ ಹಸಿರು ಗೆರೆ ಎಳೆದಿದ್ದೇನೆ. ಪಂಪಿನ ಒತ್ತಡದ ವ್ಯತ್ಯಾಸವನ್ನೂ ಕಾಯಿಲ್‌ನ ಎರಡು ಬದಿಯ ತಾಪಮಾನವನ್ನೂ ಬಿಎಂಎಸ್‌ಗೆ ಸೇರಿಸಿ, ಕಾಂಟ್ಯಾಕ್ಟರ್‌ನ ಹಸಿರು ದೀಪವನ್ನು ಆ ಪುಟದಿಂದಲೇ ತೆಗೆಸಿದ್ದೇನೆ.

ಇನ್ನೂ ಬಾಕಿ ಇರುವುದು: ರಾತ್ರಿ ಎರಡು ಎಕ್ಸಾಸ್ಟ್ ಫ್ಯಾನ್‌ಗಳಲ್ಲಿ ಒಂದನ್ನು ನಿಲ್ಲಿಸಬೇಕು ಅಂತ ನೋಡಿದೆ. ನಿಲ್ಲಿಸಿದ ಫ್ಯಾನ್‌ನ ಡ್ಯಾಂಪರ್ ಪೂರ್ತಿ ಮುಚ್ಚುತ್ತಿಲ್ಲ, ಎರಡು ಬೆರಳು ತೂರುವಷ್ಟು ಸಂದು. ಹೊಗೆ ಪೆನ್ಸಿಲ್ ಹಿಡಿದರೆ ಹೊರಗಿನ ಗಾಳಿ ಆ ಸ್ಟ್ಯಾಕ್‌ನಿಂದಲೇ ಇಳಿದು ಓಡುತ್ತಿರುವ ಫ್ಯಾನ್‌ಗೆ ಹೋಗುತ್ತಿದೆ. ಬ್ಲೇಡ್‌ನ ಬುಶ್ ತಿರುಗದ ಹಾಗೆ ತುಕ್ಕು ಹಿಡಿದಿದೆ. ಹೊಸ ಬುಶ್ ಬರುವವರೆಗೆ ಎರಡೂ ಫ್ಯಾನ್ ರಾತ್ರಿಯಿಡೀ ಓಡುತ್ತವೆ.